ನೆಲದಡಿಯ ನದಿ: ಶೆಫೀಲ್ಡ್‌ನ ಹಳೆಯ ಇಟ್ಟಿಗೆ ಕಲ್ವರ್ಟ್ ನೋಡಿ, ಫೋಟೊ ತೆಗೆಯಲು ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಿನ ಶೆಫೀಲ್ಡ್ ರೈಲು ನಿಲ್ದಾಣದಲ್ಲಿ ದಿನವೂ ಸಾವಿರಾರು ಜನ ಹತ್ತಿ ಇಳಿಯುತ್ತಾರೆ. ಅವರ ಕಾಲಡಿಯಲ್ಲೇ ಶೀಫ್ ನದಿಗೆ ಪೋರ್ಟರ್ ಹೊಳೆ ಬಂದು ಸೇರುತ್ತದೆ. ಅಲ್ಲಿಂದ ಶೀಫ್ ಕತ್ತಲಲ್ಲೇ ಊರಿನ ಅಡಿ ಹರಿದು, ಹಳೆಯ ಕೋಟೆ ಇದ್ದ ಜಾಗದ ಬಳಿ ಡಾನ್ ನದಿಯನ್ನು ಸೇರುತ್ತದೆ. ಊರಿಗೆ ಹೆಸರು ಕೊಟ್ಟಿದ್ದೇ ಈ ಶೀಫ್. ಆದರೂ ಊರೊಳಗೆ ಅದು ಕಾಣಿಸುವುದು ಅಪರೂಪ.

ಈ ಮುಚ್ಚಿದ ನದಿಯ ದೊಡ್ಡ ಇಟ್ಟಿಗೆ ಕಮಾನುಗಳಿಗೆ ಹವ್ಯಾಸಿಗಳು ಇಟ್ಟ ಅಡ್ಡಹೆಸರು ‘ಮೆಗಾಟ್ರಾನ್’. ಬ್ರಿಟನ್ನಿನಲ್ಲಿ ನೆಲದಡಿಯ ಫೋಟೊ ತೆಗೆಯುವವರಲ್ಲಿ ಈ ಹೆಸರು ಕೇಳದವರು ಕಡಿಮೆ. ಅಲ್ಲಿಗೆ, ಅಥವಾ ಹೊಳೆಯನ್ನು ಮುಚ್ಚಿ ಕಟ್ಟಿದ ಅಂಥದ್ದೇ ಇನ್ನೊಂದು ಕಲ್ವರ್ಟ್‌ಗೆ ಹೋಗಬೇಕು ಅನ್ನುವವರಿಗಾಗಿ ಇದನ್ನು ಬರೆದಿದ್ದೇನೆ. ಓದು, ಕೆಲಸ ಅಂತ ಇಂಗ್ಲೆಂಡಿನಲ್ಲಿ ಇರುವ ಕನ್ನಡಿಗರಿಗೆ ಹೆಚ್ಚು ಉಪಯೋಗವಾಗಬಹುದು. ಕತ್ತಲಲ್ಲಿ ಫೋಟೊ ತೆಗೆಯುವ ಭಾಗ ಮಾತ್ರ ಯಾರಿಗಾದರೂ ಆದೀತು.

ಒಂದು ವಿಷಯ ತಲೆಯಲ್ಲಿರಲಿ. ಒಳಗೆ ನಿಂತಾಗ ಗೋಡೆ, ಚಾವಣಿ, ಕಂಬ ಎಲ್ಲ ನೋಡಿ ಕಟ್ಟಡದೊಳಗೆ ಇದ್ದೇವೆ ಅನಿಸುತ್ತದೆ. ಆದರೆ ನೀವು ನಿಂತಿರುವುದು ನದಿಯಲ್ಲಿ. ಯಾವ ದಿನ ಹೋಗಬೇಕು, ಏನು ಹಾಕಿಕೊಳ್ಳಬೇಕು, ಟ್ರೈಪಾಡ್ ಎಲ್ಲಿ ಊರಬೇಕು, ಯಾವಾಗ ಹೊರಡಬೇಕು ಎಲ್ಲವನ್ನೂ ತೀರ್ಮಾನಿಸುವುದು ನೀರು.

ನದಿಯನ್ನು ಯಾಕೆ ಮುಚ್ಚಿದರು?

ಇದು ಗೊತ್ತಿದ್ದರೆ ಒಳಗೆ ಏನು ನೋಡಬೇಕು ಅನ್ನುವುದು ತಾನಾಗೇ ಹೊಳೆಯುತ್ತದೆ.

ಶೆಫೀಲ್ಡ್ ಚಾಕು, ಕತ್ತರಿ, ಉಕ್ಕಿನ ಊರು. ಉಗಿಯಂತ್ರ ಬರುವ ಮೊದಲು ಸಾಣೆಕಲ್ಲು ತಿರುಗಿದ್ದು ನೀರಿನ ಬಲದಿಂದ. ಡಾನ್, ಶೀಫ್, ಪೋರ್ಟರ್, ರಿವೆಲಿನ್, ಲಾಕ್ಸ್ಲಿ ಈ ಐದೂ ಹೊಳೆಗಳ ಉದ್ದಕ್ಕೂ ನೀರಿನ ಚಕ್ರಗಳಿದ್ದವು. ಪೋರ್ಟರ್ ದಡದ ಶೆಫರ್ಡ್ ವೀಲ್, ಶೀಫ್ ದಡದ ಆಬಿಡೇಲ್ ಇಂಡಸ್ಟ್ರಿಯಲ್ ಹ್ಯಾಮ್ಲೆಟ್ ಇವತ್ತಿಗೂ ನೋಡಲು ಸಿಗುತ್ತವೆ. ಆಮೇಲೆ ಉಗಿ ಬಂತು, ಜನ ಜಾಸ್ತಿಯಾದರು, ಹೊಳೆಗಳು ಕೊಳಚೆಯಾದವು. ಊರ ಮಧ್ಯೆ ಜಾಗಕ್ಕೆ ಬೆಲೆ ಬಂತು. ನದಿಯ ಮೇಲೆ ಕಮಾನು ಕಟ್ಟಿದರೆ ನಾತವೂ ಅಡಗಿತು, ಮೇಲೆ ಜಾಗವೂ ಸಿಕ್ಕಿತು. ಮಿಡ್‌ಲ್ಯಾಂಡ್ ರೈಲ್ವೆ ಕಂಪನಿ 1870ರಲ್ಲಿ ಈಗಿನ ನಿಲ್ದಾಣ ತೆರೆದಾಗ ಅದು ಕೂತಿದ್ದು ಹೀಗೆ ಮುಚ್ಚಿದ ಶೀಫ್ ಕಣಿವೆಯ ಮೇಲೆ.

ಒಂದೇ ಸಲಕ್ಕೆ, ಒಂದೇ ನಕ್ಷೆಯಲ್ಲಿ ಆದ ಕೆಲಸ ಅಲ್ಲ ಇದು. ಬೇಕಾದಾಗ ಬೇಕಾದಷ್ಟು ಮುಚ್ಚಿಕೊಂಡು ಹೋದರು. ಹಾಗಾಗಿ ಒಳಗೆ ನಡೆಯುತ್ತ ಹೋದರೆ ಒಂದು ಕಡೆ ಕಲ್ಲು, ಮುಂದೆ ಇಟ್ಟಿಗೆ, ಅದರ ಮುಂದೆ ಕಬ್ಬಿಣದ ತೊಲೆ, ಆಮೇಲೆ ಕಾಂಕ್ರೀಟ್ ಪೆಟ್ಟಿಗೆ ಎದುರಾಗುತ್ತವೆ. ನನ್ನ ಪ್ರಕಾರ ಶೆಫೀಲ್ಡ್ ಕಲ್ವರ್ಟ್‌ನ ಸ್ವಾರಸ್ಯವೇ ಈ ಜೋಡಣೆಗಳು. ಆನ್‌ಲೈನ್‌ನಲ್ಲಿ ಸಿಗುವ ಫೋಟೊಗಳಲ್ಲಿ ಮುಕ್ಕಾಲು ಪಾಲು ಆ ಒಂದು ದೊಡ್ಡ ಕಮಾನಿನವೇ. ಜೋಡಣೆಗಳ ಕಡೆ ಕ್ಯಾಮೆರಾ ತಿರುಗಿಸುವವರು ಕಡಿಮೆ.

ಕಲ್ವರ್ಟ್ ಬೇರೆ, ಯುಜಿಡಿ (ಒಳಚರಂಡಿ) ಬೇರೆ

ನಮ್ಮ ಕಡೆ ಎರಡಕ್ಕೂ ‘ಮೋರಿ’ ಅಂದುಬಿಡುತ್ತೇವೆ. ಕಲ್ವರ್ಟ್ ಅಂದರೆ ಹೊಳೆಯ ಮೇಲೆ ಕಟ್ಟಿದ ಮುಚ್ಚಳ. ಎರಡೂ ತುದಿ ಸಾಮಾನ್ಯವಾಗಿ ತೆರೆದಿರುತ್ತದೆ, ಗಾಳಿ ಆಡುತ್ತದೆ. ಒಳಚರಂಡಿ ಅಂದರೆ ಮನೆಗಳ ಹೊಲಸು ಹರಿಯುವ ಮುಚ್ಚಿದ ಕೊಳವೆ. ಅಲ್ಲಿ ಗಾಳಿಯೇ ವಿಷ.

ಈ ಬರಹ ಮೊದಲನೆಯದಕ್ಕೆ ಮಾತ್ರ. ಮ್ಯಾನ್‌ಹೋಲ್ ಮುಚ್ಚಳ ಎತ್ತಿ ಇಳಿಯುವ ಮಾತೇ ಬೇಡ. ಅದರೊಳಗೆ ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ? ಒಬ್ಬ ಬಿದ್ದಾಗ ಎತ್ತಲು ಹೋದ ಇನ್ನೊಬ್ಬನೂ ಸಾಯುತ್ತಾನೆ. ಮಲ ಹೊರುವ ಪದ್ಧತಿ ನಿಷೇಧಿಸುವ ನಮ್ಮ ದೇಶದ 2013ರ ಕಾಯ್ದೆ ಸುರಕ್ಷಾ ಸಲಕರಣೆ ಇಲ್ಲದೆ ಒಳಚರಂಡಿಗೆ ಜನರನ್ನು ಇಳಿಸುವುದನ್ನೇ ನಿಷೇಧಿಸಿದೆ. ಬೆಂಗಳೂರಿನ ರಾಜಕಾಲುವೆಗಳೂ ಹೆಸರಿಗೆ ಮಳೆನೀರಿನವು. ಬಹಳ ಕಡೆ ಅವುಗಳಲ್ಲಿ ಹರಿಯುವುದು ಕೊಳಚೆಯೇ. ಅಲ್ಲಿ ಇದನ್ನೆಲ್ಲ ಪ್ರಯೋಗ ಮಾಡಬೇಡಿ.

ಹಂತ 1: ಅನುಮತಿ

ಸುಲಭದ ದಾರಿ ಅಂದರೆ ಗೈಡ್ ಜೊತೆ ಹೋಗುವುದು. ಶೀಫ್ ಮತ್ತು ಪೋರ್ಟರ್ ನದಿಗಳಿಗಾಗಿಯೇ ಶೆಫೀಲ್ಡ್‌ನಲ್ಲಿ ಒಂದು ಟ್ರಸ್ಟ್ ಇದೆ. ನದಿಯ ಇತಿಹಾಸ, ಸ್ವಚ್ಛತೆ, ನಡಿಗೆ ಇತ್ಯಾದಿ ಅವರ ಕೆಲಸ. ಕಲ್ವರ್ಟ್‌ನೊಳಗೆ ಗುಂಪುಗಳನ್ನು ಕರೆದೊಯ್ಯುವವರೂ ಇದ್ದಾರೆ. ಹೊರಡುವ ಮೊದಲು ಆ ವರ್ಷ ಯಾರು ನಡೆಸುತ್ತಿದ್ದಾರೆ, ವಿಮೆ ಇದೆಯೇ, ಗುಂಪಿನಲ್ಲಿ ಎಷ್ಟು ಜನ ಅಂತ ವಿಚಾರಿಸಿ. ‘ಟ್ರೈಪಾಡ್ ಇಟ್ಟು ಫೋಟೊ ತೆಗೆಯಲು ಸಮಯ ಸಿಗುತ್ತದೆಯೇ?’ ಅಂತಲೂ ಮೊದಲೇ ಕೇಳಿ. ಇಪ್ಪತ್ತು ಜನರ ಗುಂಪಿನಲ್ಲಿ ಮೂವತ್ತು ಸೆಕೆಂಡಿನ ಎಕ್ಸ್‌ಪೋಶರ್ (ಅಷ್ಟು ಹೊತ್ತು ಶಟರ್ ತೆರೆದಿಡುವುದು) ಕೊಡಲು ಹೋದರೆ ಗೈಡ್‌ಗೂ ಕಷ್ಟ, ನಿಮಗೂ ಬೈಗುಳ.

ಸ್ವಂತವಾಗಿ ಹೋಗುವುದಾದರೆ ಜಾಗದ ಮಾಲೀಕರ ಅನುಮತಿ ಬೇಕು. ಒಂದೇ ಕಲ್ವರ್ಟ್‌ನಲ್ಲಿ ಒಂದು ತುಂಡು ನಗರಸಭೆಯದು, ಇನ್ನೊಂದು ರೈಲ್ವೆಯದು, ಮತ್ತೊಂದು ಯಾರೋ ಖಾಸಗಿಯವರದು ಆಗಿರಬಹುದು. ಇಂಗ್ಲೆಂಡಿನಲ್ಲಿ ಬೇರೆಯವರ ಜಾಗಕ್ಕೆ ಸುಮ್ನೆ ಕಾಲಿಟ್ಟರೆ ಸಾಮಾನ್ಯವಾಗಿ ಸಿವಿಲ್ ತಕರಾರು ಅಷ್ಟೇ. ಆದರೆ ರೈಲ್ವೆ ಜಾಗಕ್ಕೆ ಹಾಗೆ ಹೋದರೆ ಅದು ಅಪರಾಧ. ವಿದ್ಯಾರ್ಥಿ ವೀಸಾ, ಕೆಲಸದ ವೀಸಾ ಇಟ್ಟುಕೊಂಡವರು ಒಂದು ಫೋಟೊಗಾಗಿ ಪೊಲೀಸ್ ದಾಖಲೆಗೆ ಸೇರುವುದು ಜಾಣತನ ಅಲ್ಲ, ಅಲ್ವಾ?

ಅನುಮತಿ ಸಿಗಲಿಲ್ಲ ಅಂದರೆ ಬೇರೆ ದಾರಿಗಳಿವೆ. ಬ್ರಸೆಲ್ಸ್‌ನ ಒಳಚರಂಡಿ ಮ್ಯೂಸಿಯಂನಲ್ಲಿ ಸೆನ್ ನದಿಯ ಮುಚ್ಚಿದ ಕಾಲುವೆಯನ್ನೇ ಇಳಿದು ನೋಡಬಹುದು. ಆ ನದಿಗೆ 1867ರಿಂದ 1871ರ ನಡುವೆ ಕಮಾನು ಹಾಕಿದರು. ಪ್ಯಾರಿಸ್‌ನಲ್ಲಿ ಆಲ್ಮಾ ಸೇತುವೆ ಹತ್ತಿರವೂ ಇಂಥ ಮ್ಯೂಸಿಯಂ ಇದೆ. ಇಂಗ್ಲೆಂಡಿನಲ್ಲೇ ಬೇಕು ಅಂದರೆ ಬ್ರೈಟನ್‌ನಲ್ಲಿ ನೀರಿನ ಕಂಪನಿಯವರೇ ವಿಕ್ಟೋರಿಯಾ ಕಾಲದ ಇಟ್ಟಿಗೆ ಒಳಚರಂಡಿಯನ್ನು ಬೇಸಿಗೆಯಲ್ಲಿ ಸಾರ್ವಜನಿಕರಿಗೆ ತೋರಿಸುತ್ತ ಬಂದಿದ್ದಾರೆ. ಬೆಳಕು, ಹಿಡಿದುಕೊಳ್ಳುವ ಕಂಬಿ ಎಲ್ಲ ಇರುವ ಇಂಥ ಜಾಗದಲ್ಲಿ ಮೊದಲು ಕೈ ಪಳಗಿಸಿಕೊಳ್ಳುವುದೇ ಒಳ್ಳೆಯದು.

ಹಂತ 2: ಮೇಲಿನಿಂದ ನೋಡಿ

ಒಳಗೆ ಜಿಪಿಎಸ್ ಇಲ್ಲ, ಫೋನ್ ಸಿಗ್ನಲ್ ಇಲ್ಲ. ಆದ್ದರಿಂದ ಒಳಗಿನ ದಾರಿಯನ್ನು ಹೊರಗೇ ಕಲಿತಿರಬೇಕು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಬ್ರಿಟನ್ನಿನ ಹಳೆಯ ಆರ್ಡ್ನೆನ್ಸ್ ಸರ್ವೆ ನಕ್ಷೆಗಳು ಉಚಿತವಾಗಿ ಸಿಗುತ್ತವೆ. ಹಳೆಯದನ್ನೂ ಈಗಿನದನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ನದಿ ಎಲ್ಲಿ ಬಯಲಲ್ಲಿತ್ತು, ಯಾವ ರಸ್ತೆ ಕೆಳಗೆ ಮಾಯವಾಯಿತು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಊರ ಮೇಲೆ ಅದೇ ದಾರಿಯಲ್ಲಿ ನಡೆದು ಬನ್ನಿ. ಮಟಿಲ್ಡಾ ಸ್ಟ್ರೀಟ್‌ನಲ್ಲಿ ಪೋರ್ಟರ್ ಹೊಳೆಯ ಒಂದು ತುಂಡಿನ ಮುಚ್ಚಳ ತೆಗೆದು, ಪಕ್ಕದಲ್ಲಿ ಪುಟ್ಟ ಪಾರ್ಕ್ ಮಾಡಿದ್ದಾರೆ. ಕೋಟೆ ಇದ್ದ ಕ್ಯಾಸಲ್‌ಗೇಟ್ ಭಾಗದಲ್ಲೂ ಶೀಫ್ ನದಿಯನ್ನು ಮತ್ತೆ ಬಯಲಿಗೆ ತರುವ ಯೋಜನೆ ಕೈಗೆತ್ತಿಕೊಂಡರು. ಅಂದರೆ ಹಳೆಯ ಫೋಟೊಗಳಲ್ಲಿ ಕಾಣುವ ಕೆಲವು ಭಾಗಗಳು ಈಗ ಹಾಗೇ ಇಲ್ಲ. ಹಳೆಯ ವಿಡಿಯೊ ನೋಡಿಕೊಂಡು ದಾರಿ ಲೆಕ್ಕ ಹಾಕಬೇಡಿ.

ಹಂತ 3: ಮಳೆ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಶೆಫೀಲ್ಡ್‌ನ ಹೊಳೆಗಳೆಲ್ಲ ಹುಟ್ಟುವುದು ಪಶ್ಚಿಮದ ಗುಡ್ಡಗಳಲ್ಲಿ, ಪೀಕ್ ಡಿಸ್ಟ್ರಿಕ್ಟ್‌ನ ಅಂಚಿನಲ್ಲಿ. ಅಲ್ಲಿ ಸುರಿದ ಮಳೆ ಇಳಿಜಾರಲ್ಲಿ ಬೇಗ ಊರಿಗೆ ಬರುತ್ತದೆ. ಊರಲ್ಲಿ ಬಿಸಿಲಿದ್ದರೂ ಗುಡ್ಡದಲ್ಲಿ ಸುರಿಯುತ್ತಿರಬಹುದು. ಜೊತೆಗೆ ಊರಿನ ರಸ್ತೆ, ಚಾವಣಿಗಳ ನೀರು ನೂರಾರು ಕೊಳವೆಗಳ ಮೂಲಕ ಈ ಕಲ್ವರ್ಟ್‌ಗೇ ಬೀಳುತ್ತದೆ. ಮಳೆ ಜೋರಾದಾಗ ಒಳಚರಂಡಿ ಉಕ್ಕಿದ್ದೂ ಇಲ್ಲಿಗೇ. ಬಯಲ ನದಿ ಉಕ್ಕಿದರೆ ದಡಕ್ಕೆ ಹತ್ತಬಹುದು. ಇಲ್ಲಿ ದಡವೇ ಗೋಡೆ.

ಈ ಊರಿಗೆ ನೀರಿನ ಭಯ ಹೊಸದಲ್ಲ. 1864ರ ಮಾರ್ಚ್ 11ರ ರಾತ್ರಿ ಊರ ಮೇಲಿನ ಡೇಲ್ ಡೈಕ್ ಅಣೆಕಟ್ಟು ಒಡೆದು 240ಕ್ಕೂ ಹೆಚ್ಚು ಜನ ಸತ್ತರು. 2007ರ ಜೂನ್ 25ರ ಪ್ರವಾಹದಲ್ಲಿ ಶೆಫೀಲ್ಡ್‌ನಲ್ಲಿ ಇಬ್ಬರು ಜೀವ ಕಳೆದುಕೊಂಡರು.

ಹಾಗಾಗಿ ನಾನು ಪಾಲಿಸುವ ಕ್ರಮ ಹೀಗಿದೆ. ಹಿಂದಿನ ಎರಡು ದಿನ ಮಳೆ ಬಿದ್ದಿರಬಾರದು. ಹೋಗುವ ದಿನ ಊರಿನ ಮುನ್ಸೂಚನೆ ಮಾತ್ರ ಅಲ್ಲ, ಗುಡ್ಡದ ಮುನ್ಸೂಚನೆಯೂ ಒಣಗಿರಬೇಕು. ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ನದಿ ಮಟ್ಟದ ಮಾಪಕಗಳ ಅಂಕಿ ಎಲ್ಲರಿಗೂ ಸಿಗುತ್ತದೆ. ಒಂದು ವಾರ ಅದನ್ನು ನೋಡುತ್ತಿದ್ದರೆ ಸಾಮಾನ್ಯ ಮಟ್ಟ ಎಷ್ಟು, ಒಂದು ಮಳೆಗೆ ಎಷ್ಟು ಬೇಗ ಏರುತ್ತದೆ ಅನ್ನುವ ಅಂದಾಜು ಸಿಗುತ್ತದೆ. ಇಳಿಯುವ ಮುಂಚೆ ಮಳೆ ರೇಡಾರ್ ಇನ್ನೊಮ್ಮೆ ನೋಡಿ. ಗುಡುಗು ಮಳೆಯ ಸೂಚನೆ ಇದ್ದರೆ ಮಾತೇ ಇಲ್ಲ, ಆ ದಿನ ಬೇಡ. ಹೊರಗೆ ಒಬ್ಬರು ನಿಂತಿದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿರುವ ಒಬ್ಬರಿಗೆ ಇಷ್ಟು ಗಂಟೆಗೆ ಫೋನ್ ಮಾಡುತ್ತೇನೆ, ಮಾಡದಿದ್ದರೆ 999ಕ್ಕೆ ಕರೆ ಮಾಡಿ, ಇಂಥ ಕಲ್ವರ್ಟ್ ಅಂತ ಹೇಳಿ ಎಂದು ಬರೆದೇ ಕೊಟ್ಟು ಹೋಗಿ.

ಹಂತ 4: ಮೈಮೇಲೆ ಏನಿರಬೇಕು

ಹೆಲ್ಮೆಟ್ ಬೇಕೇ ಬೇಕು. ತಲೆ ಮೇಲೆ ಇಟ್ಟಿಗೆ ಬೀಳುತ್ತದೆ ಅಂತ ಅಲ್ಲ, ತಗ್ಗಿನ ಕೊಳವೆಗೆ, ತೊಲೆಗೆ ನಿಮ್ಮ ತಲೆಯೇ ಹೋಗಿ ಬಡಿಯುತ್ತದೆ ಅಂತ. ಹಣೆಗೆ ಕಟ್ಟುವ ದೀಪ ಒಂದು, ಕೈಯಲ್ಲಿ ಒಂದು ಟಾರ್ಚ್, ಚೀಲದಲ್ಲಿ ಇನ್ನೊಂದು. ಫೋಟೊಗೆ ಬಳಸುವ ಟಾರ್ಚ್ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದರ ಬ್ಯಾಟರಿ ಮೊದಲು ಮುಗಿಯುತ್ತದೆ.

ಕಾಲಿಗೆ ಗಟ್ಟಿ ಅಡಿಯ ಗಮ್‌ಬೂಟ್ ಅಥವಾ ತೊಡೆವರೆಗಿನ ವೇಡರ್ (ನೀರು ಒಳಗೆ ಬಿಡದ ಉದ್ದನೆಯ ಬೂಟು). ಎದೆವರೆಗಿನ ವೇಡರ್ ನನಗೆ ಇಷ್ಟವಿಲ್ಲ. ಆಳದ ನೀರಿಗೂ ಇಳಿಯಬಹುದು ಅನ್ನುವ ಹುಸಿ ಧೈರ್ಯ ಕೊಡುತ್ತದೆ. ನೀರು ಸೇರದ ಕೈಗವಸು, ಉಣ್ಣೆಯ ಒಳಬಟ್ಟೆ, ಕುಡಿಯುವ ನೀರು, ಸೀಟಿ, ಕೈ ತೊಳೆಯುವ ದ್ರವ. ಜೊತೆಗೆ ಒಂದು ಗಟ್ಟಿ ಕೋಲು.

ಗಾಳಿ ಅಳೆಯುವ ನಾಲ್ಕು ಅನಿಲದ ಡಿಟೆಕ್ಟರ್ ಬಾಡಿಗೆಗೂ ಸಿಗುತ್ತದೆ. ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್, ಉರಿಯುವ ಅನಿಲ ಈ ನಾಲ್ಕನ್ನೂ ಅದು ನೋಡುತ್ತದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ 20.9 ಇರುತ್ತದೆ. ಅದು 19.5ಕ್ಕೆ ಇಳಿದರೆ ಯಂತ್ರ ಕಿರುಚಿಕೊಳ್ಳುವಂತೆ ಹೊಂದಿಸಿರುತ್ತಾರೆ. ಕಿರುಚಿತು ಅಂದರೆ ಯಾಕೆ ಅಂತ ಯೋಚಿಸುತ್ತ ನಿಲ್ಲಬೇಡಿ, ಬಂದ ದಾರಿಯಲ್ಲೇ ವಾಪಸ್. ಮೂಗನ್ನು ನಂಬುವಂತಿಲ್ಲ. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆ ವಾಸನೆ ಹೊಡೆಯುತ್ತದೆ. ಪ್ರಮಾಣ ಏರಿದಾಗ ವಾಸನೆ ತಿಳಿಯುವ ಶಕ್ತಿಯನ್ನೇ ಅದು ಕೊಂದುಬಿಡುತ್ತದೆ. ವಾಸನೆ ಹೋಯಿತು ಅಂತ ಸಮಾಧಾನಪಟ್ಟರೆ ಮುಗಿಯಿತು ಕಥೆ. ಗಾಳಿಯಾಡುವ ದೊಡ್ಡ ಕಲ್ವರ್ಟ್‌ನಲ್ಲಿ ಈ ಅಪಾಯ ಕಡಿಮೆ. ಪಕ್ಕದಿಂದ ಬಂದು ಸೇರುವ ಸಣ್ಣ ಕೊಳವೆಗಳ ಬಾಯಲ್ಲಿ, ಹೂಳು ಕದಡಿದಾಗ ಅದು ಜಾಸ್ತಿ. ಆ ಸಣ್ಣ ಕೊಳವೆಗಳೊಳಗೆ ನುಗ್ಗಬೇಡಿ.

ಹಂತ 5: ನಡೆಯುವುದು

ಮೂವರು ಇದ್ದರೆ ಚೆನ್ನ. ಒಬ್ಬರಿಗೆ ಏನಾದರೂ ಆದರೆ ಒಬ್ಬರು ಜೊತೆಗಿದ್ದು, ಇನ್ನೊಬ್ಬರು ಹೊರಗೆ ಹೋಗಿ ಸಹಾಯ ತರಬಹುದು. ಒಬ್ಬರೇ ಹೋಗುವುದಂತೂ ಬೇಡವೇ ಬೇಡ.

ಕೋಲಿನಿಂದ ಮುಂದಿನ ನೆಲ ಮುಟ್ಟಿ ನೋಡಿ, ಆಮೇಲೆ ಹೆಜ್ಜೆ ಇಡಿ. ನದಿಯ ತಳದಲ್ಲಿ ಕಲ್ಲುಹಾಸು ಕಿತ್ತುಹೋದ ಕಡೆ ಗುಂಡಿ ಬಿದ್ದಿರುತ್ತದೆ. ನೀರು ಮೆಟ್ಟಿಲಿನಂತೆ ಧುಮುಕುವ ಜಾಗದ ಕೆಳಗೆ ಗುಂಡಿ ಇರುವುದು ಇನ್ನೂ ಹೆಚ್ಚು. ಸೂಪರ್‌ಮಾರ್ಕೆಟ್ ತಳ್ಳುಗಾಡಿ, ಸೈಕಲ್, ಕಬ್ಬಿಣದ ಸರಳು ಎಲ್ಲ ಹೂಳಿನಲ್ಲಿ ಹೂತಿರುತ್ತವೆ. ಪಾಚಿ ಕಟ್ಟಿದ ಇಳಿಜಾರು ಇಟ್ಟಿಗೆಗಿಂತ ಜಲ್ಲಿ ಇರುವ ಕಡೆ ಕಾಲು ನಿಲ್ಲುತ್ತದೆ. ಹರಿಯುವ ನೀರು ಮೊಣಕಾಲು ಮುಟ್ಟಿತು ಅಂದರೆ ಮುಂದೆ ಹೋಗಬೇಡಿ. ಹರಿವಿನ ವೇಗ ಎರಡರಷ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ.

ಒಳಗೆ ಹೋದ ಕೂಡಲೇ ಗೋಡೆಯ ಕಡೆ ನೋಡಿ. ಕಬ್ಬಿಣದ ಮೆಟ್ಟಿಲಿಗೆ, ಕೊಳವೆಯ ತುದಿಗೆ ಕಡ್ಡಿ, ಎಲೆ, ಬಟ್ಟೆಚೂರು, ಒದ್ದೆ ಟಿಶ್ಯೂ ಸಿಕ್ಕಿಕೊಂಡಿರುತ್ತವೆ. ಕಳೆದ ಪ್ರವಾಹ ಎಷ್ಟು ಎತ್ತರ ಬಂದಿತ್ತು ಅನ್ನುವುದಕ್ಕೆ ಅದೇ ಗುರುತು. ಬಹಳ ಸಲ ಅದು ನಿಮ್ಮ ತಲೆಗಿಂತ ಮೇಲಿರುತ್ತದೆ.

ನೀರಿನ ಬಣ್ಣ ಕಂದಾದರೆ, ತೇಲುವ ಕಸ ಇದ್ದಕ್ಕಿದ್ದಂತೆ ಹೆಚ್ಚಾದರೆ, ದೂರದಿಂದ ಬರುವ ಸದ್ದು ಬದಲಾದರೆ, ಗಾಳಿ ಒಮ್ಮೆಲೇ ಮುಖಕ್ಕೆ ಬೀಸಿದರೆ ಹೊರಡಿ. ಟ್ರೈಪಾಡ್ ಮಡಚಲು ಸಮಯವಿಲ್ಲ ಅನಿಸಿದರೆ ಅಲ್ಲೇ ಬಿಟ್ಟು ಹೊರಡಿ. ನೀರಿನ ಮಟ್ಟಕ್ಕೆ ಸರಿಯಾಗಿ ಗೋಡೆಯ ಒಂದು ಇಟ್ಟಿಗೆಯನ್ನು ಗುರುತಿಟ್ಟುಕೊಂಡು, ಹತ್ತು ನಿಮಿಷಕ್ಕೊಮ್ಮೆ ಅದನ್ನು ನೋಡುವ ಅಭ್ಯಾಸ ಒಳ್ಳೆಯದು. ಫೋಟೊ ತೆಗೆಯುವವರಿಗೆ ಇದು ಮರೆತುಹೋಗುತ್ತದೆ, ಹಾಗಾಗಿ ಈ ಕೆಲಸ ಜೊತೆಗಾರರಿಗೆ ವಹಿಸಿ.

ಹಂತ 6: ಇಟ್ಟಿಗೆ ಓದುವುದು

ಕ್ಯಾಮೆರಾ ಹೊರಗೆ ತೆಗೆಯುವ ಮುಂಚೆ ಒಂದಷ್ಟು ಹೊತ್ತು ಸುಮ್ನೆ ನೋಡಿ.

ಕಮಾನಿನ ಬಾಯಿ ಅಥವಾ ಎರಡು ಭಾಗಗಳು ಸೇರುವ ಕಡೆ ಇಟ್ಟಿಗೆಯ ಸುತ್ತುಗಳನ್ನು ಎಣಿಸಿ. ಒಂದರ ಮೇಲೊಂದು ಬಳೆಯಂತೆ ಕೂತಿರುತ್ತವೆ. ಆ ಕಾಲದ ಇಂಗ್ಲಿಷ್ ಇಟ್ಟಿಗೆ ಸುಮಾರು 9 ಇಂಚು ಉದ್ದ, ನಾಲ್ಕೂವರೆ ಇಂಚು ಅಗಲ. ಒಂದು ಸುತ್ತು ಅಂದರೆ ಸುಮಾರು ನಾಲ್ಕೂವರೆ ಇಂಚು ದಪ್ಪ. ನಾಲ್ಕು ಸುತ್ತು ಕಂಡರೆ ಕಮಾನು ಒಂದೂವರೆ ಅಡಿ ದಪ್ಪ ಅಂತ ಅಲ್ಲೇ ಲೆಕ್ಕ ಹಾಕಬಹುದು. ನಮ್ಮಲ್ಲಿ ಆರ್‌ಸಿಸಿ ಹಾಕುವಾಗ ಮಾಡುವ ಹಾಗೆ ಇವರೂ ಮೊದಲು ಮರದ ಸೆಂಟ್ರಿಂಗ್ ನಿಲ್ಲಿಸಿ, ಎರಡೂ ಬದಿಯಿಂದ ಇಟ್ಟಿಗೆ ಕಟ್ಟುತ್ತ ಬಂದು ನೆತ್ತಿಯಲ್ಲಿ ಸೇರಿಸುತ್ತಿದ್ದರು. ಆಮೇಲೆ ಸೆಂಟ್ರಿಂಗ್ ತೆಗೆದು ಮುಂದಕ್ಕೆ ಒಯ್ಯುವುದು. ಕಂಬಿ ಇಲ್ಲ. ಒಂದು ಇಟ್ಟಿಗೆ ಇನ್ನೊಂದನ್ನು ಒತ್ತುವುದರಿಂದಲೇ ಇಡೀ ಭಾರ ನಿಲ್ಲುತ್ತದೆ. ಅದರ ಮೇಲೆ ಇವತ್ತಿಗೂ ರೈಲು, ಬಸ್ಸು ಓಡುತ್ತಿವೆ!

ನೀರು ತಾಗುವ ಕೆಳಭಾಗದಲ್ಲಿ ಕಡುನೀಲಿ, ನುಣ್ಣನೆಯ ಇಟ್ಟಿಗೆ ಕಂಡರೆ ಅದು ಸ್ಟಾಫರ್ಡ್‌ಶೈರ್ ಕಡೆಯ ಎಂಜಿನಿಯರಿಂಗ್ ಇಟ್ಟಿಗೆ ಇರಬಹುದು. ಹೆಚ್ಚು ಕಾವಿನಲ್ಲಿ ಸುಟ್ಟಿದ್ದರಿಂದ ನೀರು ಹೀರುವುದು ಬಹಳ ಕಡಿಮೆ. ಕೆಂಪು ಕಮಾನಿನ ನಡುವೆ ನೀಲಿ ತೇಪೆ ಕಂಡರೆ ಅಲ್ಲಿ ರಿಪೇರಿ ನಡೆದಿದೆ ಅಂತ ಊಹಿಸಬಹುದು. ಇಟ್ಟಿಗೆ ಸಾಲು ನೇರವಾಗಿ ಓಡದೆ ಓರೆಯಾಗಿ, ಸುರುಳಿಯಂತೆ ತಿರುಗಿದ್ದರೆ ಮೇಲಿನ ರಸ್ತೆಯೋ ಹಳಿಯೋ ನದಿಯನ್ನು ಅಡ್ಡಲಾಗಿ ಅಲ್ಲ, ಓರೆಯಾಗಿ ದಾಟಿದೆ ಅಂತ ಅರ್ಥ. ಗಾರೆ ಕೆಲಸದಲ್ಲಿ ಇದು ಕಷ್ಟದ ವಿದ್ಯೆ. ಕಂಡರೆ ಬಿಡಬೇಡಿ, ಫೋಟೊ ತೆಗೆಯಿರಿ.

ಚಾವಣಿಯಿಂದ ಬಿಳಿ ಕಡ್ಡಿಗಳು ನೇತಾಡುತ್ತಿರುತ್ತವೆ. ಸುಣ್ಣದ ಗಾರೆಯೊಳಗೆ ನೀರು ಜಿನುಗಿ, ಕರಗಿದ ಸುಣ್ಣವನ್ನು ಹೊತ್ತು ತಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಗಟ್ಟಿಯಾಗಿದ್ದು ಅದು. ಒಳಗೆ ಟೊಳ್ಳು, ಮುಟ್ಟಿದರೆ ಪುಡಿ. ಹೆಲ್ಮೆಟ್ ತಾಗದಂತೆ ಬಗ್ಗಿ ಹೋಗಿ.

ಹಂತ 7: ಕ್ಯಾಮೆರಾ

ದುಬಾರಿ ಕ್ಯಾಮೆರಾಗಿಂತ ಒಳ್ಳೆಯ ಟ್ರೈಪಾಡ್ ಮುಖ್ಯ. ವೈಡ್ ಲೆನ್ಸ್ ಒಂದು ಸಾಕು, ಫುಲ್‌ಫ್ರೇಮ್‌ನಲ್ಲಿ 16ರಿಂದ 24 ಮಿಮೀ ಒಳಗೆ. ಒಳಗೆ ಲೆನ್ಸ್ ಬದಲಿಸುವ ಗೋಜು ಬೇಡ. ಒಂದು ಕೈ ಒದ್ದೆ, ಇನ್ನೊಂದು ಕೆಸರು.

ಚಳಿಗಾಲದಲ್ಲಿ ಹೊರಗೆ ಕೊರೆಯುವಾಗ ಒಳಗೆ ಬೆಚ್ಚಗೆ, ತೇವವಾಗಿ ಇರುತ್ತದೆ. ತಣ್ಣಗಿನ ಲೆನ್ಸ್ ಕೂಡಲೇ ಮಂಜಾಗುತ್ತದೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಳಗೆ ತಂದು, ಕಾಲು ಗಂಟೆ ಬಿಟ್ಟು ತೆಗೆಯಿರಿ. ಒರೆಸುತ್ತ ಕೂತರೆ ಪ್ರಯೋಜನವಿಲ್ಲ, ಮತ್ತೆ ಕಟ್ಟುತ್ತದೆ.

ಟ್ರೈಪಾಡ್ ಕಾಲುಗಳನ್ನು ಅಗಲ ಮಾಡಿ, ತಗ್ಗಿಸಿ, ಜಲ್ಲಿಯೊಳಗೆ ಒತ್ತಿ ಊರಿ. ತೆಳ್ಳಗಿನ ಕೊನೆಯ ತುಂಡನ್ನು ಎಳೆಯದಿದ್ದರೆ ಒಳ್ಳೆಯದು. ಭಾರಕ್ಕೆ ಅಂತ ಚೀಲ ತೂಗುಹಾಕುವವರಿದ್ದಾರೆ. ಚೀಲ ನೀರಿಗೆ ತಾಗಿದರೆ ಹರಿವು ಅದನ್ನು ಅಲ್ಲಾಡಿಸಿ ಫೋಟೊ ಕೆಡಿಸುತ್ತದೆ. ಸಾಧ್ಯವಾದರೆ ನೀರಿಲ್ಲದ ಅಂಚಿನಲ್ಲಿ ಇಡಿ. ಕೈ ನಡುಕ ಸರಿಪಡಿಸುವ ಸ್ಟೆಬಿಲೈಸೇಷನ್ ಆಫ್ ಮಾಡಿ.

ಫೋಕಸ್ ಮಾಡುವ ವಿಧಾನ ಸರಳ. ಹದವಾದ ದೂರದ ಇಟ್ಟಿಗೆ ಮೇಲೆ ಜೋರಾದ ಟಾರ್ಚ್ ಬಿಟ್ಟು ಆಟೊ ಫೋಕಸ್ ಮಾಡಿ, ನಂತರ ಮ್ಯಾನುಯಲ್‌ಗೆ ತಿರುಗಿಸಿ. ಇನ್ನು ರಿಂಗ್ ಮುಟ್ಟಬೇಡಿ. ಲೆನ್ಸ್ ಕಿಂಡಿಯ ಅಳತೆ ಎಫ್/8ರಲ್ಲಿ ವೈಡ್ ಲೆನ್ಸ್‌ಗೆ ಹತ್ತಿರದಿಂದ ದೂರದವರೆಗೆ ಬಹುತೇಕ ಎಲ್ಲ ಸ್ಪಷ್ಟವಾಗಿರುತ್ತದೆ. ರಾ ಫೈಲ್‌ನಲ್ಲೇ ತೆಗೆಯಿರಿ.

ಎಷ್ಟು ಸೆಕೆಂಡ್ ಕೊಡಬೇಕು ಅಂತ ಊಹಿಸುತ್ತ ಅರ್ಧ ಗಂಟೆ ಕಳೆಯಬೇಡಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400 ಇಟ್ಟು ಅರ್ಧ ಸೆಕೆಂಡಿನ ಒಂದು ಪರೀಕ್ಷೆ ಫೋಟೊ ತೆಗೆಯಿರಿ. ಬೆಳಕು ಸರಿ ಇದೆ ಅನಿಸಿದರೆ ಐಎಸ್‌ಒ 100ಕ್ಕೆ ಇಳಿಸಿ. ಅದು 64 ಪಟ್ಟು ಕಡಿಮೆ. ಹಾಗಾಗಿ ಸಮಯ 64 ಪಟ್ಟು ಹೆಚ್ಚು, ಅಂದರೆ 32 ಸೆಕೆಂಡ್. ಕ್ಯಾಮೆರಾದ 30 ಸೆಕೆಂಡ್ ಸಾಕಾಗುತ್ತದೆ. ಈ ಲೆಕ್ಕ ಟಾರ್ಚ್ ಒಂದೇ ಸಮ ಉರಿಯುತ್ತಿದ್ದರೆ ಮಾತ್ರ ಸರಿ ಬರುತ್ತದೆ. ಶಟರ್‌ಗೆ 2 ಸೆಕೆಂಡ್ ಟೈಮರ್ ಅಥವಾ ರಿಮೋಟ್.

ನೀರಿನ ವಿಷಯಕ್ಕೆ ಮಾತ್ರ ಉದ್ದ ಎಕ್ಸ್‌ಪೋಶರ್ ಯಾವಾಗಲೂ ಒಳ್ಳೆಯದಲ್ಲ. 30 ಸೆಕೆಂಡಿನಲ್ಲಿ ಹರಿವೆಲ್ಲ ಹೊಗೆಯಾಗಿಬಿಡುತ್ತದೆ. ನನಗೆ ಇದು ಹಿಡಿಸುವುದಿಲ್ಲ. ನದಿ ಅನ್ನುವುದೇ ಕಾಣದು. ಐಎಸ್‌ಒ 1600ರಷ್ಟಿಟ್ಟು ಒಂದು ಸೆಕೆಂಡಿನ ಒಳಗೆ ತೆಗೆದರೆ ಸುಳಿ, ಗೆರೆ, ನೊರೆ ಉಳಿಯುತ್ತವೆ. ಸ್ವಲ್ಪ ಕಾಳುಕಾಳಾದರೆ ಆಗಲಿ.

ಫೋನ್ ಮಾತ್ರ ಇದ್ದವರೂ ಬೇಜಾರಾಗಬೇಕಿಲ್ಲ. ಪುಟ್ಟ ಟ್ರೈಪಾಡ್‌ನಲ್ಲಿ ನೈಟ್ ಮೋಡ್ ಹಾಕಿ, ಫೋನಿನ ಫ್ಲ್ಯಾಶ್ ಆಫ್ ಮಾಡಿ, ಬೆಳಕನ್ನು ಬೇರೆಯವರ ಕೈಗೆ ಕೊಡಿ.

ಬೆಳಕನ್ನು ಕ್ಯಾಮೆರಾದಿಂದ ದೂರ ಇಡಿ

ಒಳ್ಳೆಯ ಫೋಟೊಗೂ ಸಾಧಾರಣ ಫೋಟೊಗೂ ಇರುವ ವ್ಯತ್ಯಾಸ ಬಹುಪಾಲು ಇಷ್ಟೇ. ಕ್ಯಾಮೆರಾ ಮೇಲಿನ ಫ್ಲ್ಯಾಶ್ ಅಥವಾ ನಿಮ್ಮ ಹಣೆಯ ದೀಪದಿಂದ ತೆಗೆದರೆ ಗೋಡೆ ಚಪ್ಪಟೆಯಾಗುತ್ತದೆ, ಹತ್ತಿರದ್ದು ಸುಟ್ಟಂತೆ ಬೆಳ್ಳಗಾಗಿ ದೂರದ್ದು ಕತ್ತಲಲ್ಲಿ ಮುಳುಗುತ್ತದೆ. ಗಾಳಿಯ ತೇವಕ್ಕೆ ತಾಗಿ ಬಿಳಿ ಚುಕ್ಕೆಗಳೂ ಬೀಳುತ್ತವೆ.

ಮೊದಲ ಪ್ರಯೋಗ: ಜೊತೆಗಾರರನ್ನು 15–20 ಅಡಿ ಮುಂದೆ, ಕಾಲುವೆಯ ಮಧ್ಯೆ ನಿಲ್ಲಿಸಿ. ಅವರು ಟಾರ್ಚನ್ನು ಎದೆಗೆ ಹಿಡಿದು ನಿಮಗೆ ಬೆನ್ನು ಹಾಕಿ ಮುಂದಕ್ಕೆ ಬೆಳಕು ಬಿಡಲಿ. ಟಾರ್ಚ್ ಅವರ ಮೈಯ ಹಿಂದೆ ಮರೆಯಾಗಬೇಕು. ಆಗ ಕಮಾನಿನ ಒಂದೊಂದು ಸುತ್ತೂ ಬೆಳಗಿ, ನಡುವೆ ಕಪ್ಪು ಆಕೃತಿ ನಿಲ್ಲುತ್ತದೆ. ಕಮಾನು ಎಷ್ಟು ದೊಡ್ಡದು ಅಂತ ನೋಡುವವರಿಗೆ ತಿಳಿಯುವುದು ಆ ಆಕೃತಿಯಿಂದ. ಮೂವತ್ತು ಸೆಕೆಂಡ್ ಅಲ್ಲಾಡದೆ ನಿಲ್ಲುವುದು ಕಷ್ಟ. ಕಾಲು ಅಗಲಿಸಿ, ಕೋಲು ಊರಿ ನಿಲ್ಲಲಿ.

ತಿರುವು ಇರುವ ಕಡೆ ಆ ದೀಪವನ್ನು ತಿರುವಿನ ಆಚೆ ಇಡಿ. ಬೆಳಕಿನ ಮೂಲ ಕಾಣದೆ ಗೋಡೆ ಮಾತ್ರ ಬೆಳಗುತ್ತದೆ. ನನಗೆ ಇದೇ ಹೆಚ್ಚು ಇಷ್ಟ.

ಇಟ್ಟಿಗೆಯ ಮೈ ತೋರಿಸಬೇಕು ಅಂದರೆ ಟಾರ್ಚನ್ನು ಗೋಡೆಗೆ ಸವರಿದಂತೆ, ಬದಿಯಿಂದ ಬಿಡಬೇಕು. ಗಾರೆ ಉದುರಿದ ಸಂದು, ಸವೆದ ಅಂಚು, ಸುಣ್ಣದ ಹೊರಪದರ ಎಲ್ಲಕ್ಕೂ ನೆರಳು ಬಂದು ಎದ್ದು ಕಾಣುತ್ತವೆ. ನೇರ ಬೆಳಕಿನಲ್ಲಿ ಇವೊಂದೂ ಕಾಣವು.

ಟಾರ್ಚ್ ಹಿಡಿದು ಗೋಡೆಗೆ ಬಳಿಯುವ ವಿಧಾನವೂ ಇದೆ. ಶಟರ್ ತೆರೆದಿರುವಾಗ ಕೈ ನಿಲ್ಲಿಸದೆ, ದೂರದ ಗೋಡೆಗೆ ಹೆಚ್ಚು ಹೊತ್ತು, ಹತ್ತಿರದ್ದಕ್ಕೆ ಕಡಿಮೆ ಹೊತ್ತು ಬೆಳಕು ಹರಿಸುವುದು. ಕೈ ಕೂರಲು ಕೆಲವು ಫೋಟೊ ಹಾಳಾಗಲೇಬೇಕು. ಒಂದೇ ಜಾತಿಯ ಟಾರ್ಚ್‌ಗಳನ್ನು ಬಳಸಿ. ಒಂದು ಹಳದಿ, ಇನ್ನೊಂದು ನೀಲಿ ಆದರೆ ಆಮೇಲೆ ಕಂಪ್ಯೂಟರ್‌ನಲ್ಲಿ ಸರಿಮಾಡಲು ತಲೆನೋವು.

ನೀರಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಶುರು ಅಂದರೆ ಒಂದು ಸೀಟಿ, ಮುಗಿಯಿತು ಅಂದರೆ ಎರಡು, ಅಪಾಯ ಅಂದರೆ ಉದ್ದನೆಯ ಸೀಟಿ ಅಂತ ಮೊದಲೇ ಮಾತಾಡಿಕೊಳ್ಳಿ.

ಚೌಕಟ್ಟು ನೇರವಾಗಿದೆಯೇ ಅಂತ ನೋಡಲು ನೀರನ್ನೇ ನೋಡಿ. ಗೋಡೆ ಮುಗಿದು ಕಮಾನು ಬಾಗಲು ಶುರುವಾಗುವ ಗೆರೆ ಎಡಕ್ಕೂ ಬಲಕ್ಕೂ ಒಂದೇ ಎತ್ತರದಲ್ಲಿ ಚಿತ್ರದ ಅಂಚನ್ನು ಮುಟ್ಟಬೇಕು. ಅರ್ಧ ಅಡಿ ಪಕ್ಕಕ್ಕೆ ನಿಂತಿದ್ದರೂ ಅದು ಹೆಚ್ಚುಕಮ್ಮಿ ಆಗುತ್ತದೆ. ಹಾಗಂತ ಎಲ್ಲವನ್ನೂ ನಟ್ಟನಡುವೆ ನಿಂತೇ ತೆಗೆಯಬೇಕಿಲ್ಲ. ಕಲ್ಲು ಮುಗಿದು ಇಟ್ಟಿಗೆ ಶುರುವಾಗುವ ಜೋಡಣೆಯನ್ನು ಬದಿಗೆ ಸರಿದು ತೆಗೆದರೆ ಎರಡೂ ಕಾಲ ಒಂದೇ ಚಿತ್ರದಲ್ಲಿ ಬರುತ್ತವೆ.

ಬಾವಲಿಗಳು

ನೀರಿನ ಮೇಲೆ ಬೇಟೆಯಾಡುವ ಡಾಬೆಂಟನ್ ಬಾವಲಿಗಳು ಇಂಥ ಸಂದುಗಳಲ್ಲಿ ಇರುತ್ತವೆ. ಬ್ರಿಟನ್ನಿನಲ್ಲಿ ಎಲ್ಲ ಬಾವಲಿಗಳಿಗೂ ಕಾನೂನಿನ ರಕ್ಷಣೆ ಇದೆ. ಅವು ತಂಗುವ ಜಾಗವನ್ನು ಕೆಡಿಸುವುದು, ಮಲಗಿದ್ದನ್ನು ಎಬ್ಬಿಸುವುದು ಅಪರಾಧ. ಕಂಡರೆ ಟಾರ್ಚ್ ಕೆಳಗಿಳಿಸಿ, ಸದ್ದಿಲ್ಲದೆ ಮುಂದೆ ಹೋಗಿ. ಫೋಟೊ ಬೇಡ.

ಹಂತ 8: ಹೊರಗೆ ಬಂದ ಮೇಲೆ

ಮೊದಲು ಮನೆಯಲ್ಲಿರುವವರಿಗೆ ಹೇಳಿಹೋದ ಆ ಫೋನ್ ಕರೆ ಮಾಡಿ. ಇಲ್ಲದಿದ್ದರೆ ನಿಮಗಾಗಿ ಅಗ್ನಿಶಾಮಕ ದಳ ಹೊರಟುಬಿಡುತ್ತದೆ.

ಕೈ, ಮುಖ ಸೋಪಿನಲ್ಲಿ ತೊಳೆಯದೆ ಏನೂ ತಿನ್ನಬೇಡಿ, ಕುಡಿಯಬೇಡಿ. ಈ ನೀರಿನಲ್ಲಿ ಇಲಿ, ಹೆಗ್ಗಣಗಳ ಮೂತ್ರ ಸೇರಿರುತ್ತದೆ. ಅದರಿಂದ ಬರುವುದೇ ಇಲಿ ಜ್ವರ. ಗಾಯ, ಬಿರುಕು, ಕಣ್ಣು, ಬಾಯಿಯ ಮೂಲಕ ರೋಗಾಣು ಒಳಹೊಗುತ್ತದೆ. ಗಾಯವಿದ್ದರೆ ಹೋಗುವ ಮುಂಚೆಯೇ ನೀರು ತಾಗದ ಪಟ್ಟಿ ಹಾಕಿಕೊಳ್ಳಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ, ಕೆಲವರಿಗೆ ತಿಂಗಳ ತನಕ ಬಿಟ್ಟೂ ಜ್ವರ, ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಾಣಿಸಿಕೊಳ್ಳಬಹುದು. ಫ್ಲೂ ಅಂತ ಸುಮ್ಮನಿರದೆ ವೈದ್ಯರ ಬಳಿ ಹೋಗಿ, ‘ಕಲ್ವರ್ಟ್ ನೀರಿನಲ್ಲಿ ಇಳಿದಿದ್ದೆ’ ಅಂತ ನೀವಾಗಿಯೇ ಹೇಳಿ. ಬೇಗ ಗೊತ್ತಾದರೆ ಆಂಟಿಬಯೋಟಿಕ್ ಇದೆ.

ಬೂಟು, ವೇಡರ್, ಟ್ರೈಪಾಡ್ ಕಾಲುಗಳನ್ನು ತೊಳೆದು ಪೂರ್ತಿ ಒಣಗಿಸಿ. ಒಂದು ನದಿಯ ಕಳೆ, ರೋಗ ಇನ್ನೊಂದಕ್ಕೆ ಹೋಗಬಾರದು ಅಂತ ಬ್ರಿಟನ್ನಿನಲ್ಲಿ ಇದಕ್ಕೆ ಒಂದು ಪ್ರಚಾರ ಅಭಿಯಾನವೇ ಇದೆ. ಟ್ರೈಪಾಡ್ ಕಾಲಿನ ತಿರುಪುಗಳನ್ನು ಬಿಚ್ಚಿ ಮರಳು ತೆಗೆಯದಿದ್ದರೆ ಮುಂದಿನ ಸಲ ಅವು ತಿರುಗುವುದೇ ಇಲ್ಲ.

ಹಂತ 9: ಫೋಟೊ ತಿದ್ದುವುದು

ವೈಟ್ ಬ್ಯಾಲೆನ್ಸನ್ನು ಗಾರೆಯ ಬೂದು ಬಣ್ಣಕ್ಕೆ ಹೊಂದಿಸಿ, ಇಟ್ಟಿಗೆಗೆ ಅಲ್ಲ. ಇಟ್ಟಿಗೆ ಕೆಂಪಾಗಿಯೇ ಇರಬೇಕು, ಕಿತ್ತಳೆ ಆಗಬಾರದು. ಲೆನ್ಸ್ ತಿದ್ದುಪಡಿ ಹಾಕಿ, ಗೋಡೆಗಳನ್ನು ನೇರ ಮಾಡಿ. ಕತ್ತಲನ್ನು ಪೂರ್ತಿ ಓಡಿಸಬೇಡಿ. ನೆರಳೆಲ್ಲ ಎತ್ತಿಬಿಟ್ಟರೆ ಕಲ್ವರ್ಟ್ ಹೋಗಿ ಮೆಟ್ರೊ ಸ್ಟೇಷನ್ ಆಗುತ್ತದೆ. ಕಮಾನಿನ ಬಾಯಿಂದ ಹಗಲು ಬೆಳಕು ಬರುವ ಚಿತ್ರವಾದರೆ ಬೇರೆ ಬೇರೆ ಸಮಯ ಕೊಟ್ಟ ಮೂರು ಫೋಟೊ ತೆಗೆದು ಸೇರಿಸಬೇಕಾಗುತ್ತದೆ. ಹೊರಗಿನ ನೀಲಿ, ಒಳಗಿನ ಹಳದಿ ಎರಡನ್ನೂ ಹಾಗೇ ಬಿಡಿ.

ಹಂಚಿಕೊಳ್ಳುವಾಗ ಇಳಿಯುವ ಜಾಗದ ಗುರುತು, ಜಿಪಿಎಸ್ ವಿವರ ತೆಗೆದುಹಾಕಿ. ಪ್ರತಿ ಫೋಟೊಗೆ ದಿನಾಂಕ, ಯಾವ ರಸ್ತೆಯ ಕೆಳಗೆ, ಯಾವ ದಿಕ್ಕಿಗೆ ನೋಡಿದ್ದು, ಇಟ್ಟಿಗೆಯ ಎಷ್ಟು ಸುತ್ತು ಅಂತ ಎರಡು ಸಾಲು ಬರೆದು ಒಂದು ಪ್ರತಿಯನ್ನು ನದಿ ಟ್ರಸ್ಟ್‌ಗೋ ಊರಿನ ದಾಖಲೆ ಕಚೇರಿಗೋ ಕೊಡಿ. ಎಲ್ಲಿ ಇಟ್ಟಿಗೆ ಹೊಸದಾಗಿ ಉದುರಿದೆ, ಎಲ್ಲಿ ಕೊಳವೆ ಒಡೆದು ಹೊಲಸು ಬೀಳುತ್ತಿದೆ ಅನ್ನುವುದು ಕಂಡಿದ್ದರೆ ಅದನ್ನೂ ತಿಳಿಸಿ. ಮುಂದಿನ ಸಲ ಅನುಮತಿ ಕೇಳಲು ಹೋದಾಗ ಈ ಫೈಲ್ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ.